ನಮ್ಮ ತಾಲ್ಲೂಕಿನ ಮಳೆ, ಬಿಸಿಲು ನಿಜಕ್ಕೂ ಬದಲಾಗಿದೆಯೇ? ಲೆಕ್ಕ ಹಾಕುವುದು ಹೇಗೆ?

ಬಯಲುಸೀಮೆ_ಶೇಂಗಾ:
ಚಳ್ಳಕೆರೆ ಕಡೆ ಮಳೆ ಅರ್ಧಕ್ಕಿಳಿದಿದೆ ಎನ್ನುವ ಚಿತ್ರವೊಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನೋಡಿದರೆ ಅದರಲ್ಲಿರುವುದು ಎರಡೇ ಕಂಬ: ತೊಂಬತ್ತರ ದಶಕದ ಒಂದು ಒಳ್ಳೆಯ ವರ್ಷ, ಪಕ್ಕದಲ್ಲಿ ಬರದ 2023. ಇದನ್ನೇ ನಂಬಿ ಬೆಳೆ ಬದಲಿಸುವ ಮಾತು ನಡೆಯುತ್ತಿದೆ. ಸರಿಯಾದ ಲೆಕ್ಕ ಬೇಕು.

ಮೂರು ಪ್ರಶ್ನೆ: ಒಂದು ತಾಲ್ಲೂಕಿನ ದಿನದಿನದ ಮಳೆ, ಉಷ್ಣಾಂಶ ಎಷ್ಟು ಹಿಂದಿನವರೆಗೆ ಸಿಗುತ್ತದೆ? ಬೇರೆ ಬೇರೆ ಮೂಲದ ಅಂಕಿಗಳನ್ನು ಜೋಡಿಸಬಹುದೇ? "ಬದಲಾಗಿದೆ" ಅನ್ನಲು ಎಷ್ಟು ವರ್ಷದ ದಾಖಲೆ ಸಾಕು?

ಗ್ರಿಡ್_ಲೆಕ್ಕ:
ಮೊದಲ ಎರಡಕ್ಕೆ ಉತ್ತರ.

ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ ಇಡೀ ದೇಶದ ಚೌಕಳಿ ದತ್ತಾಂಶವನ್ನು (ನೆಲವನ್ನು ಚೌಕಗಳಾಗಿ ಹಂಚಿ, ಕೇಂದ್ರಗಳ ಅಳತೆಯಿಂದ ಪ್ರತಿ ಚೌಕಕ್ಕೂ ದಿನಕ್ಕೊಂದು ಅಂಕಿ ಲೆಕ್ಕ ಹಾಕಿದ್ದು) ಉಚಿತವಾಗಿ ಕೊಡುತ್ತದೆ. ಮಳೆಯದು 1901ರಿಂದ, ಕಾಲು ಡಿಗ್ರಿ ಚೌಕಗಳಲ್ಲಿ. ಗರಿಷ್ಠ, ಕನಿಷ್ಠ ಉಷ್ಣಾಂಶ 1951ರಿಂದ, ಒಂದು ಡಿಗ್ರಿ ಚೌಕಗಳಲ್ಲಿ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಇದಕ್ಕೆಂದೇ ಇರುವ ಐಎಂಡಿಲಿಬ್ ತಂತ್ರಾಂಶ ಬಳಸಿದರೆ ವರ್ಷಕ್ಕೊಂದು ಕಡತ ತಾನೇ ಇಳಿಯುತ್ತದೆ, ಅಕ್ಷಾಂಶ ರೇಖಾಂಶ ಕೊಟ್ಟು ಒಂದು ಚೌಕವನ್ನು ಸಿಎಸ್‌ವಿ ಕೋಷ್ಟಕಕ್ಕೆ ತೆಗೆಯಬಹುದು. ದಾಖಲೆಯಿಲ್ಲದ ಜಾಗದಲ್ಲಿ ಮಳೆ ಕಡತದಲ್ಲಿ -999 ಅಂತಲೂ ಉಷ್ಣಾಂಶ ಕಡತದಲ್ಲಿ 99.9 ಅಂತಲೂ ಇರುತ್ತದೆ. ಇವನ್ನು ಮೊದಲು ತೆಗೆದುಹಾಕದೆ ಸರಾಸರಿ ಹಾಕಿದರೆ ಮಳೆ ಋಣಸಂಖ್ಯೆಗೆ ಇಳಿದು ತಪ್ಪು ಗೊತ್ತಾಗುತ್ತದೆ. ಉಷ್ಣಾಂಶದಲ್ಲಿ ಗೊತ್ತಾಗುವುದಿಲ್ಲ: ತಿಂಗಳಲ್ಲಿ ಒಂದೇ ದಿನ 99.9 ನುಸುಳಿದರೂ ಆ ತಿಂಗಳ ಸರಾಸರಿ ಎರಡು ಡಿಗ್ರಿ ಮೇಲೇರಿ, ಬಿರುಬೇಸಗೆಯ ಹಾಗೆ ಕಾಣುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲೂ ಇವೆ, 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಇಂದಿನ ಮಳೆ ತಿಳಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ದಾಖಲೆ ಚಿಕ್ಕದು. ಹಳೆಯ ತಾಲ್ಲೂಕು ಕಚೇರಿಯ ಮಾಪಕದ ಅಂಕಿಗೆ ಇದನ್ನು ನೇರವಾಗಿ ಬಾಲದಂತೆ ಅಂಟಿಸಬೇಡಿ. ಎರಡೂ ಒಟ್ಟಿಗೆ ನಡೆದ ಕೆಲವು ವರ್ಷಗಳಾದರೂ ಬೇಕು, ಆ ವರ್ಷಗಳಲ್ಲಿ ಅನುಪಾತ ನೋಡಬೇಕು.

ಚೌಕಳಿಯ ದೊಡ್ಡ ಮಿತಿ ಇನ್ನೊಂದು. ಕಾಲು ಡಿಗ್ರಿ ಅಂದರೆ ನಮ್ಮ ಅಕ್ಷಾಂಶದಲ್ಲಿ ಸುಮಾರು 27 ಕಿ.ಮೀ. ಬದಿಯ ಚೌಕ, 700 ಚದರ ಕಿ.ಮೀ.ಗೂ ಹೆಚ್ಚು. ಒಂದು ಊರಿನ ಮಾಪಕದಲ್ಲಿ 120 ಮಿ.ಮೀ. ಸುರಿದ ಗುಡುಗುಮಳೆ ಚೌಕದ ಸರಾಸರಿಯಲ್ಲಿ 40 ಆಗಿಬಿಡಬಹುದು. ಅದಕ್ಕೇ 1990ರವರೆಗೆ ಊರಿನ ಮಾಪಕ, ಆಮೇಲೆ ಚೌಕಳಿ ಎಂದು ಬೆರೆಸಿದರೆ ಭಾರಿ ಮಳೆ ಕಡಿಮೆಯಾಯಿತು ಅನ್ನುವ ಸುಳ್ಳು ತೀರ್ಮಾನ ಸಿಗುತ್ತದೆ. ಚೌಕಳಿಯ ಒಳಗೂ ಇದೇ ತೊಡಕು. ದೇಶದಾದ್ಯಂತ 6955 ಕೇಂದ್ರಗಳ ದಾಖಲೆ ಅದಕ್ಕೆ ಸೇರಿದೆ, ಆದರೆ ಯಾವ ಒಂದು ದಿನವೂ ಅಷ್ಟೂ ಕೇಂದ್ರ ವರದಿ ಮಾಡಿಲ್ಲ. ಕೇಂದ್ರಗಳ ಸಂಖ್ಯೆ ಬದಲಾದ ದಶಕದಲ್ಲಿ ಚೌಕದ ಭಾರಿ ಮಳೆ ಏರಿದಂತೆಯೋ ಇಳಿದಂತೆಯೋ ಕಾಣಬಹುದು.

ಕರಾವಳಿ_ಮಾಪಕ:
ಇದಕ್ಕೊಂದು ಸೇರಿಸುತ್ತೇನೆ: ದಿನ ಅಂದರೆ ಯಾವ ದಿನ? ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಅಂಕಿಯನ್ನು ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ಮೇ 10ರ ಸಂಜೆ ಆರಕ್ಕೆ ಸುರಿದ ಅಡ್ಡಮಳೆ ದಾಖಲೆಯಲ್ಲಿ ಮೇ 11ರದು. ಉಪಗ್ರಹದಿಂದ ಅಂದಾಜಿಸಿದ ಐಮರ್ಗ್, ಹಳೆಯ ಅಳತೆಗಳನ್ನು ಹವಾಮಾನ ಮಾದರಿಗೆ ಕೊಟ್ಟು ತಯಾರಿಸಿದ ಯುರೋಪಿನ ಇಆರ್‌ಎ5, ಇವುಗಳ ದಿನದ ಕಡತಗಳು ಗ್ರೀನಿಚ್ ದಿನದವು, ಅಂದರೆ ನಮ್ಮ 5:30ರಿಂದ 5:30. ಎರಡನ್ನೂ ದಿನಕ್ಕೆ ದಿನ ಹೋಲಿಸಿ "ಉಪಗ್ರಹ ತಪ್ಪು ಹೇಳುತ್ತದೆ" ಅನ್ನುವವರು ಬಹಳ. ಮೊದಲು ಒಂದು ದಿನ ಹಿಂದೆ ಮುಂದೆ ಸರಿಸಿ ನೋಡಿ.

ಇಆರ್‌ಎ5 ಗಂಟೆವಾರು ಮಳೆ ಮೀಟರ್‌ನಲ್ಲಿರುತ್ತದೆ, 1000ದಿಂದ ಗುಣಿಸಬೇಕು. ಗಂಟೆಯ ಕೊನೆಯ ಸಮಯವೇ ಅದರ ಗುರುತು. ಹಾಗಾಗಿ ನಮ್ಮ 8:30ರ ದಿನಕ್ಕೆ ಹಿಂದಿನ ದಿನದ ಗ್ರೀನಿಚ್ 4 ಗಂಟೆಯಿಂದ ಈ ದಿನದ 3 ಗಂಟೆಯವರೆಗಿನ 24 ಅಂಕಿ ಕೂಡಿಸಿ. ಅದರದೇ ನೆಲಕ್ಕಷ್ಟೇ ಮಾಡಿದ ರೂಪವಾದ ಇಆರ್‌ಎ5-ಲ್ಯಾಂಡ್‌ನಲ್ಲಿ ಹೀಗೆ ಮಾಡಿದರೆ ಕೆಟ್ಟಿತು. ಅದರಲ್ಲಿ ಗ್ರೀನಿಚ್ ಮಧ್ಯರಾತ್ರಿಯಿಂದ ಕೂಡುತ್ತಾ ಬಂದ ಮೊತ್ತ ಇರುತ್ತದೆ. ಗಂಟೆ ಗಂಟೆಯದನ್ನು ಮತ್ತೆ ಕೂಡಿಸಿದರೆ 20 ಮಿ.ಮೀ. ಮಳೆ 200 ದಾಟಬಹುದು. ಮುಂದಿನ ಗಂಟೆಯಿಂದ ಹಿಂದಿನದನ್ನು ಕಳೆದು ಗಂಟೆಯ ಮಳೆ ತೆಗೆಯಬೇಕು.

ಅಂಕಿಯಂತರ:
ಮೂರನೇ ಪ್ರಶ್ನೆಯಲ್ಲೇ ಎಲ್ಲ ಇದೆ. "ಮೂವತ್ತು ವರ್ಷ ಸಾಕು" ಅಂತ ಎಲ್ಲರೂ ಹೇಳುತ್ತಾರೆ. ವಾಡಿಕೆ ಮಳೆ ನಿಗದಿ ಮಾಡಲು ಸಾಕು, ಬದಲಾವಣೆ ಹಿಡಿಯಲು ಸಾಲದು. ಲೆಕ್ಕ ನೋಡಿ.

ವರ್ಷಕ್ಕೆ ಸರಾಸರಿ 500 ಮಿ.ಮೀ. ಬೀಳುವ ಊರು ಅನ್ನಿ. ಬಯಲುಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಏರಿಳಿತ ಜೋರು, ಮಾನಕ ವಿಚಲನೆ (ವರ್ಷಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತವೆ ಎಂಬ ಅಳತೆ) 130 ಮಿ.ಮೀ. ಎಂದು ಇಟ್ಟುಕೊಳ್ಳೋಣ. 30 ವರ್ಷದ ಅಂಕಿಗಳಿಗೆ ಎಳೆದ ನೇರ ಗೆರೆಯ ಇಳಿಜಾರಿನಲ್ಲಿ ಇರುವ ಅನಿಶ್ಚಿತತೆ ವರ್ಷಕ್ಕೆ ಸುಮಾರು 2.7 ಮಿ.ಮೀ. ಬರುತ್ತದೆ. ಶೇ. 95ರ ಭರವಸೆ ಬೇಕೆಂದರೆ ಅದರ ಎರಡು ಪಟ್ಟು. ಅಂದರೆ ಮೂವತ್ತು ವರ್ಷದಲ್ಲಿ ಕಡಿಮೆಯೆಂದರೂ 165 ಮಿ.ಮೀ., ಸರಾಸರಿಯ ಮೂರನೇ ಒಂದು ಪಾಲು ಬದಲಾದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಶೇ. 10ರ ಇಳಿಕೆ ನಿಜವಾಗಿ ಆಗಿದ್ದರೂ ಕಾಣುವುದಿಲ್ಲ. 120 ವರ್ಷದ ದಾಖಲೆಯಿದ್ದರೆ 80 ಮಿ.ಮೀ. ಬದಲಾವಣೆ ಹಿಡಿಯಬಹುದು.

ಉಷ್ಣಾಂಶಕ್ಕೆ ಹಾಗಲ್ಲ. ವಾರ್ಷಿಕ ಸರಾಸರಿಯ ವಿಚಲನೆ 0.35 ಡಿಗ್ರಿ ಇದ್ದರೆ ಮೂವತ್ತೇ ವರ್ಷದಲ್ಲಿ 0.45 ಡಿಗ್ರಿ ಏರಿಕೆ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಊರಿನಲ್ಲಿ "ಬಿಸಿ ಏರಿದ್ದು ಖಚಿತ, ಮಳೆ ಬಗ್ಗೆ ಖಚಿತವಿಲ್ಲ" ಅನ್ನುವ ಉತ್ತರ ಬಂದರೆ ಅದು ಜಾರಿಕೊಳ್ಳುವ ಮಾತಲ್ಲ, ಅಂಕಿಗಳ ಸ್ವಭಾವ.

ಏರಿಕೆ ಇಳಿಕೆ ಆಕಸ್ಮಿಕವೇ ಎಂಬ ಪರೀಕ್ಷೆಗೆ ಮಾನ್–ಕೆಂಡಾಲ್, ವರ್ಷಕ್ಕೆ ಎಷ್ಟು ಎಂಬ ಇಳಿಜಾರಿಗೆ ಸೆನ್ ವಿಧಾನ ಬಳಸಿ. ಒಂದೆರಡು ಅತಿವೃಷ್ಟಿ ವರ್ಷ ಬಂದರೂ ಇವು ಅಲುಗಾಡುವುದಿಲ್ಲ. ಉಷ್ಣಾಂಶದಲ್ಲಿ ಈ ವರ್ಷದ್ದು ಮುಂದಿನ ವರ್ಷಕ್ಕೆ ಅಂಟಿಕೊಂಡಿರುತ್ತದೆ, ಆ ಅಂಟನ್ನು ಸರಿಪಡಿಸದಿದ್ದರೆ ಪರೀಕ್ಷೆ ಸುಮ್ಮಸುಮ್ಮನೆ "ಹೌದು" ಅನ್ನುತ್ತದೆ.

ಮತ್ತೆ ಆರಂಭ, ಅಂತ್ಯದ ವರ್ಷ. ಕರ್ನಾಟಕಕ್ಕೆ 2001, 2002, 2003 ಸತತ ಬರ. 2001ರಿಂದ ಶುರುಮಾಡಿ 2022ಕ್ಕೆ ನಿಲ್ಲಿಸಿದರೆ ಮಳೆ ಏರಿದಂತೆ ಕಾಣುತ್ತದೆ. 2005ರಿಂದ ಶುರುಮಾಡಿ 2023ಕ್ಕೆ ನಿಲ್ಲಿಸಿದರೆ ಇಳಿದಂತೆ. ಆರಂಭದ ವರ್ಷವನ್ನು ಐದೈದು ವರ್ಷ ಸರಿಸಿ ಮತ್ತೆ ಮತ್ತೆ ಲೆಕ್ಕ ಹಾಕಿ. ಇಳಿಜಾರಿನ ಚಿಹ್ನೆಯೇ ಬದಲಾಗುತ್ತಿದ್ದರೆ ಅಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಕ್ಕಿಲ್ಲ.

ಬಯಲುಸೀಮೆ_ಶೇಂಗಾ:
ಹಾಗಾದರೆ ವರ್ಷದ ಒಟ್ಟು ಮಳೆಯಿಂದ ರೈತರಿಗೆ ಹೇಳುವುದು ಏನೂ ಇಲ್ಲವೇ?

ಅಂಕಿಯಂತರ:
ಒಟ್ಟು ಮೊತ್ತವನ್ನು ಬಿಟ್ಟು ಹಂಚಿಕೆ ನೋಡಿ. 40 ದಿನ ಬಿದ್ದ 500 ಮಿ.ಮೀ., 25 ದಿನ ಬಿದ್ದ 500 ಮಿ.ಮೀ. ಬೆಳೆಗೆ ಒಂದೇ ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಬರುವಾಗ ಜೋರಾಗಿ ಬಂದು, ನಡುವೆ ಬಿಡುವು ಉದ್ದವಾಗುವ ಲಕ್ಷಣ ಮೊದಲು ಹಂಚಿಕೆಯಲ್ಲೇ ಕಾಣುತ್ತದೆ. ಭೂವಿಜ್ಞಾನ ಸಚಿವಾಲಯದ 2020ರ ಮೌಲ್ಯಮಾಪನದ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮೊತ್ತ ಸುಮಾರು ಶೇ. 6 ಇಳಿದಿದೆ, ಇಳಿಕೆ ಎದ್ದು ಕಾಣುವ ಕಡೆಗಳಲ್ಲಿ ಪಶ್ಚಿಮಘಟ್ಟವೂ ಒಂದು. ಅದೇ ಕಾಲದಲ್ಲಿ ಮಧ್ಯಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರುವ ಮಳೆಯ ಸಂದರ್ಭಗಳು ಶೇ. 75ರಷ್ಟು ಹೆಚ್ಚಿವೆ. ಮೊತ್ತ ಇಳಿದರೂ ಭಾರಿ ಮಳೆ ಏರಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದರೆ ಮಧ್ಯಭಾರತದ ಅಂಕಿಯನ್ನು ತಂದು ಚಳ್ಳಕೆರೆಗೆ ಹಾಕಬೇಡಿ.

ಎಣಿಸಬೇಕಾದವು: 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ಮಳೆದಿನಗಳು, ಮಳೆದಿನಕ್ಕೆ ಸರಾಸರಿ ಎಷ್ಟು, ವರ್ಷದ ಅತಿ ದೊಡ್ಡ ಒಂದು ದಿನದ ಮತ್ತು ಐದು ದಿನದ ಮಳೆ, 64.5 ಮಿ.ಮೀ. ಮುಟ್ಟಿದ ಭಾರಿ ಮಳೆಯ ದಿನಗಳು, ಅತಿ ಉದ್ದದ ಒಣ ಅವಧಿ. ಕೊನೆಯದರಲ್ಲಿ ಬಹಳ ಜನ ಎಡವುತ್ತಾರೆ. ಅಂತರರಾಷ್ಟ್ರೀಯ ಸೂಚ್ಯಂಕ ಇಡೀ ವರ್ಷದ ಉದ್ದನೆಯ ಒಣ ಅವಧಿ ಕೊಡುತ್ತದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಜನವರಿ, ಫೆಬ್ರುವರಿ, ಮಾರ್ಚ್ ಸುತ್ತಿನದೇ. ಬೆಳೆಗೂ ಅದಕ್ಕೂ ಸಂಬಂಧವಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಎಣಿಸಿ. ಶೇಂಗಾಕ್ಕಾದರೆ ಹೂ ಬಿಟ್ಟು ಊಡು ಇಳಿಯುವ ಹೊತ್ತಿನ ಒಣ ಅವಧಿಯನ್ನು ಬೇರೆಯಾಗಿಯೇ ತೆಗೆಯಿರಿ, ಇಳುವರಿ ನಿಲ್ಲುವುದು ಅಲ್ಲಿ.

ಹಾಗೇ ಜೂನ್–ಸೆಪ್ಟೆಂಬರ್‌ಗೆ ನಿಲ್ಲಬೇಡಿ. ದಕ್ಷಿಣ ಒಳನಾಡಿಗೆ ಅಕ್ಟೋಬರ್ ಮಳೆ ಬಿಟ್ಟರೆ ಕತೆಯ ಅರ್ಧ ಹೋಯಿತು.

ಮಳೆಕೊಡ:
ಎಲ್ಲರೂ ಗಣಿತದಲ್ಲಿದ್ದೀರಿ. ಅಳೆಯುವಲ್ಲೇ ತಪ್ಪಿದ್ದರೆ ಮಾನ್–ಕೆಂಡಾಲ್ ಏನು ಮಾಡೀತು? ಹಳೆಯ ಕೈಬರಹದ ದಾಖಲೆ ಎತ್ತಿಕೊಂಡಾಗ ಮೊದಲು ಈ ಪರೀಕ್ಷೆ ಮಾಡಿ: ಮಳೆಯನ್ನು ವಾರದ ಏಳು ದಿನಗಳಿಗೆ ಹಂಚಿ ಕೂಡಿಸಿ. ಮಳೆಗೆ ಭಾನುವಾರ ಸೋಮವಾರ ಗೊತ್ತಿಲ್ಲ, ಏಳೂ ಮೊತ್ತ ಹತ್ತಿರ ಹತ್ತಿರ ಇರಬೇಕು. ಭಾನುವಾರ ತೀರ ಕಡಿಮೆ, ಸೋಮವಾರ ಜಾಸ್ತಿ ಅಂದರೆ ರಜೆಯ ದಿನ ಯಾರೂ ಅಳೆದಿಲ್ಲ, ಎರಡು ದಿನದ ನೀರನ್ನು ಸೋಮವಾರಕ್ಕೆ ಬರೆದಿದ್ದಾರೆ ಎಂದರ್ಥ. ತಿಂಗಳ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ. ಮಳೆದಿನಗಳ ಎಣಿಕೆ, ಭಾರಿ ಮಳೆಯ ಎಣಿಕೆ ಎರಡೂ ಕೆಡುತ್ತವೆ. ಪುಟದಲ್ಲಿ ಅದು ಹೀಗಿರುತ್ತದೆ: ಶನಿವಾರ 6.2, ಭಾನುವಾರ ಒಂದು ಗೀಟು, ಸೋಮವಾರ 71.0. ಗೀಟನ್ನು ಕಂಪ್ಯೂಟರಿಗೆ ಹಾಕುವವರು ಸೊನ್ನೆ ಮಾಡುತ್ತಾರೆ, ಅಲ್ಲಿಗೆ ಒಂದು ಸುಳ್ಳು ಒಣದಿನ, ಒಂದು ಸುಳ್ಳು ಭಾರಿ ಮಳೆ ಹುಟ್ಟಿತು.

ದಶಮಾನ ಪದ್ಧತಿಗೆ ಮುಂಚಿನ ಪುಟಗಳು ಇಂಚು, ಸೆಂಟ್‌ನಲ್ಲಿವೆ. ನೂರು ಸೆಂಟ್ ಒಂದು ಇಂಚು, 25.4 ಮಿ.ಮೀ. "35" ಅಂತ ಇದ್ದರೆ ಅದು 35 ಮಿ.ಮೀ. ಅಲ್ಲ, 8.9 ಮಿ.ಮೀ.

ಮಾಪಕದ ವಿಷಯ. 200 ಚದರ ಸೆಂ.ಮೀ. ಬಾಯಿಯದಕ್ಕೆ 20 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ, 100 ಚದರದ್ದಕ್ಕೆ 10 ಮಿ.ಲೀ. ಅಳತೆಯ ಗಾಜು ಒಡೆದು, 100ರ ಗಾಜನ್ನು 200ರ ಮಾಪಕಕ್ಕೆ ಬಳಸಿದರೆ ಆ ದಿನದಿಂದ ಊರಿನ ಮಳೆ ದುಪ್ಪಟ್ಟು. ಹಳೆಯ ಐದಿಂಚಿನ ಸೈಮನ್ಸ್ ಮಾಪಕಕ್ಕೆ 12.7 ಮಿ.ಲೀ. ಲೆಕ್ಕ. ಪಿವಿಸಿ ಪೈಪಿನಲ್ಲಿ ಮಾಡಿಕೊಳ್ಳುವವರು ಹೊರಗಿನ ಅಳತೆ ನಂಬಬೇಡಿ: 160 ಮಿ.ಮೀ. ಪೈಪಿನ ಒಳವ್ಯಾಸ 152 ಇದ್ದರೆ ಬಾಯಿ 181 ಚದರ ಸೆಂ.ಮೀ., ಒಂದು ಮಿ.ಮೀ.ಗೆ 18.1 ಮಿ.ಲೀ. ಅಂಚು ಚೂಪಾಗಿ, ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಮಟ್ಟಸವಾಗಿರಲಿ. ಗೋಡೆ ಮರದಿಂದ ಅವುಗಳ ಎತ್ತರದ ಎರಡು ಪಟ್ಟು ದೂರ. ಇಟ್ಟ ದಿನ ಸರಿಯಿದ್ದರೂ ಪಕ್ಕದ ತೆಂಗು ಹದಿನೈದು ವರ್ಷದಲ್ಲಿ ಬೆಳೆದು ಮಳೆಯನ್ನು ಮೆಲ್ಲಗೆ ತಡೆಯುತ್ತದೆ. ಆ ಇಳಿಕೆ ಹವಾಮಾನ ಬದಲಾವಣೆಯಂತೆಯೇ ಕಾಣುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ನಾಲ್ಕು ದಿಕ್ಕಿನ ಫೋಟೊ ತೆಗೆದಿಡಿ.

ಒಳಗಿನ ಬಾಟಲಿ ತುಂಬಿ ಹರಿಯಬಾರದು. 200ರ ಮಾಪಕಕ್ಕೆ 4 ಲೀಟರ್ ಬಾಟಲಿ 200 ಮಿ.ಮೀ.ಗೆ ತುಂಬುತ್ತದೆ. ಬಯಲುಸೀಮೆಗೆ ಸರಿ, ಆಗುಂಬೆಗೆ ಸಾಲದು. ಅಲ್ಲಿ 100ರ ಬಾಯಿ, 10 ಲೀಟರ್ ಬಾಟಲಿ, 1000 ಮಿ.ಮೀ.ವರೆಗೆ ಹಿಡಿಯುತ್ತದೆ.

ಪುಟ್ಟ ಬಟ್ಟಲು ತುಂಬಿ ಮಗುಚಿದ ಸಲಗಳನ್ನು ಎಣಿಸುವ ತೂಗುಬಟ್ಟಲಿನ ಸ್ವಯಂಚಾಲಿತ ಮಾಪಕ ಜೋರು ಮಳೆಯಲ್ಲಿ ಕಡಿಮೆ ತೋರಿಸುತ್ತದೆ, ಬಟ್ಟಲು ಮಗುಚುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಕೈಮಾಪಕ ತೆಗೆದು ಇದನ್ನಿಟ್ಟ ಕಡೆ ಭಾರಿ ಮಳೆ ಇಳಿದಂತೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಮುಂಗಾರಿಗೆ ಮುಂಚೆ 200 ಮಿ.ಲೀ. ನೀರನ್ನು ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಬಿಡಿ. 200ರ ಬಾಯಿ, 0.5 ಮಿ.ಮೀ. ಬಟ್ಟಲಾದರೆ 20 ಸಲ ಮಗುಚಬೇಕು. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಅರ್ಧರ್ಧ ಮಿ.ಮೀ. ಬರುತ್ತಿದೆಯೆಂದರೆ ಆಲಿಕೆಯ ತೂತಿಗೆ ಎಲೆಯೋ ಜೇಡರ ಬಲೆಯೋ ಕಟ್ಟಿದೆ.

ಗ್ರಿಡ್_ಲೆಕ್ಕ:
ಮಾಪಕ ಬದಲಾದ ವರ್ಷ ಯಾರೂ ಬರೆದಿಡದಿದ್ದರೆ ದ್ವಿಸಂಚಯ ರೇಖೆ ಎಳೆಯಿರಿ. 50 ಕಿ.ಮೀ. ಒಳಗಿನ ನಾಲ್ಕೈದು ಕೇಂದ್ರಗಳ ಸರಾಸರಿ ವಾರ್ಷಿಕ ಮಳೆಯನ್ನು ಕೂಡುತ್ತಾ ಅಡ್ಡಕ್ಕೆ, ನಿಮ್ಮ ಕೇಂದ್ರದ್ದನ್ನು ಕೂಡುತ್ತಾ ಉದ್ದಕ್ಕೆ. ರೇಖೆ ನೇರವಾಗಿದ್ದರೆ ಸರಿ. ಒಂದು ವರ್ಷದಲ್ಲಿ ಮೊಣಕೈಯಂತೆ ಬಾಗಿ, ಆಮೇಲೆ ಬಾಗಿದ ದಿಕ್ಕಿನಲ್ಲೇ ಸಾಗಿದರೆ ಬದಲಾದದ್ದು ಆಕಾಶವಲ್ಲ, ಮಾಪಕವೋ ಜಾಗವೋ. ಸರಣಿ ಯಾವ ವರ್ಷ ಮುರಿಯಿತೆಂದು ಹುಡುಕುವ ಪೆಟಿಟ್ ಪರೀಕ್ಷೆಯಲ್ಲೂ ಆ ವರ್ಷ ಸಿಗುತ್ತದೆ.

ಮಲೆನಾಡು_ಅಡಕೆ:
ಘಟ್ಟದಲ್ಲಿ ಈ "50 ಕಿ.ಮೀ. ಒಳಗೆ" ನಡೆಯುವುದಿಲ್ಲ. ಆಗುಂಬೆಯ ವಾರ್ಷಿಕ ಮಳೆ 7000 ಮಿ.ಮೀ. ಮೀರುತ್ತದೆ, ಪೂರ್ವಕ್ಕೆ ತೀರ್ಥಹಳ್ಳಿ ದಾಟುವಷ್ಟರಲ್ಲಿ ಅದರ ಅರ್ಧವೂ ಇಲ್ಲ. ದೂರವಲ್ಲ, ಶಿಖರಸಾಲಿನಿಂದ ಯಾವ ಬದಿ ಎಂಬುದು ಮುಖ್ಯ. ಒಂದೇ ಕಾಲು ಡಿಗ್ರಿ ಚೌಕದಲ್ಲಿ ಘಟ್ಟದ ತುದಿ, ಅದರ ಹಿಂದಿನ ಮಳೆನೆರಳು ಎರಡೂ ಸೇರಿಹೋಗಿರುತ್ತವೆ. ಅಡಕೆಗೆ ಕೊಳೆರೋಗದ ಲೆಕ್ಕ ಬೇಕಾದವರು ಚೌಕಳಿ ಬಿಟ್ಟು ಹೋಬಳಿ ಮಾಪಕ ನೋಡಿ. ಅಲ್ಲಿ ಒಟ್ಟು ಮಳೆಗಿಂತ ಬಿಡುವಿಲ್ಲದೆ ಎಷ್ಟು ದಿನ ಸುರಿಯಿತು ಎಂಬುದು ಹೆಚ್ಚು ಹೇಳುತ್ತದೆ.

ಗ್ರಿಡ್_ಲೆಕ್ಕ:
ಒಪ್ಪಿದೆ. ನನ್ನ 50 ಕಿ.ಮೀ. ಬಯಲುಸೀಮೆಗೆ ಮಾತ್ರ.

ಬಿಸಿಲುಗಂಬ:
ಉಷ್ಣಾಂಶದ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಅಲ್ಲಿ ಬದಲಾವಣೆ ಬೇಗ ಸಿಗುತ್ತದೆ, ಮೋಸವೂ ಬೇಗ ಆಗುತ್ತದೆ. 1901ರಿಂದ 2018ರವರೆಗೆ ದೇಶದ ಸರಾಸರಿ ಏರಿದ್ದು ಸುಮಾರು 0.7 ಡಿಗ್ರಿ. ಕೇಂದ್ರವನ್ನು 100 ಮೀಟರ್ ತಗ್ಗಿಗೆ ಸ್ಥಳಾಂತರಿಸಿದರೆ ಅಷ್ಟೇ, ಸುಮಾರು 0.65 ಡಿಗ್ರಿ, ಒಂದೇ ದಿನದಲ್ಲಿ ಏರುತ್ತದೆ. ಹಾಗಾಗಿ ಬೆಂಗಳೂರಿನ ನಗರ ಕೇಂದ್ರ, ಎಚ್‌ಎಎಲ್, ದೇವನಹಳ್ಳಿ ವಿಮಾನನಿಲ್ದಾಣ ಮೂರನ್ನೂ ಹೆಣೆದು ಒಂದೇ ಸರಣಿ ಮಾಡಬೇಡಿ. ಮಂಗಳೂರಿನ ಪಣಂಬೂರು, ಬಜ್ಪೆ ಕೂಡ ಬೇರೆ ಬೇರೆ: ಒಂದು ಸಮುದ್ರದ ಬದಿ, ಇನ್ನೊಂದು ಗುಡ್ಡದ ಮೇಲೆ.

ಗರಿಷ್ಠ, ಕನಿಷ್ಠ ಬೇರೆ ಬೇರೆ ನೋಡಿ. ಊರು ಬೆಳೆದು ಕಾಂಕ್ರೀಟ್ ಹೆಚ್ಚಾದ ಪರಿಣಾಮ ಮುಖ್ಯವಾಗಿ ರಾತ್ರಿಯ ಕನಿಷ್ಠದಲ್ಲಿ ಕಾಣುತ್ತದೆ. ಪಟ್ಟಣದ ಕನಿಷ್ಠ ಏರಿ, ಸುತ್ತಲ ಹಳ್ಳಿಯ ಕೇಂದ್ರದ್ದು ಅಷ್ಟು ಏರದಿದ್ದರೆ ಆ ವ್ಯತ್ಯಾಸ ಪಟ್ಟಣದ್ದು. ಎರಡೂ ಕಡೆ ಏರಿದ ಪಾಲು ಹವಾಮಾನದ್ದು.

ಬಿಸಿಗಾಳಿ ದಿನಗಳ ಎಣಿಕೆಯಲ್ಲಿ ಇನ್ನೊಂದು ಜಾಗರೂಕತೆ. ಬಯಲಿನಲ್ಲಿ ಗರಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ. ಕರಾವಳಿಗೆ 37ರ ಮಿತಿ. ಈಗ ಉಷ್ಣಾಂಶದ ವಾಡಿಕೆಯೇ 1991–2020ರ ಸರಾಸರಿ, ಅದು ಹಿಂದಿನದಕ್ಕಿಂತ ಬಿಸಿ. ಅದೇ ಬಿಸಿಲಿದ್ದರೂ "ವಾಡಿಕೆಗಿಂತ ಹೆಚ್ಚು" ಎನ್ನುವ ಅಂತರ ಕುಗ್ಗುತ್ತದೆ. ದೀರ್ಘಕಾಲದ ಹೋಲಿಕೆಗೆ 1961–1990ನ್ನೇ ಗೂಟವಾಗಿ ಹಿಡಿದುಕೊಳ್ಳಿ, ಇಲ್ಲವೇ ಕಲಬುರಗಿಯಂಥ ಕಡೆ 40, 42 ಡಿಗ್ರಿ ಮೀರಿದ ದಿನಗಳನ್ನು ನೇರವಾಗಿ ಎಣಿಸಿ. ಮಳೆಯಲ್ಲೂ ಹೀಗೇ ಆಗಿದೆ. ದೇಶದ ಮುಂಗಾರು ವಾಡಿಕೆ 1961–2010ರ ಲೆಕ್ಕದಲ್ಲಿ 88 ಸೆಂ.ಮೀ., 1971–2020ರಲ್ಲಿ 87. "ವಾಡಿಕೆಯ ಶೇ. 100" ಎಂಬ ಸುದ್ದಿ ಎರಡು ಕಾಲದಲ್ಲಿ ಎರಡು ಮೊತ್ತ.

ಮನೆಯ ಡಿಜಿಟಲ್ ಸಂವೇದಕ ತಗಡಿನ ಕೆಳಗೋ ಗೋಡೆಗೆ ಅಂಟಿಯೋ ಇದ್ದರೆ ಅದು ತಗಡಿನ ಜ್ವರ ಹೇಳುತ್ತದೆ, ಗಾಳಿಯದ್ದಲ್ಲ. ಬಿಳಿ ಬಣ್ಣದ ಜೋಡಿ ಪಟ್ಟಿಯ ಪೆಟ್ಟಿಗೆ, ಬಾಗಿಲು ಉತ್ತರಕ್ಕೆ, ನೆಲದಿಂದ 1.25ರಿಂದ 2 ಮೀಟರ್, ಕೆಳಗೆ ಹುಲ್ಲುನೆಲ. ವರ್ಷಕ್ಕೊಮ್ಮೆ ಪುಡಿ ಮಂಜುಗಡ್ಡೆ, ಸ್ವಲ್ಪ ನೀರಿನಲ್ಲಿ ಸಂವೇದಕವನ್ನು ನೀರು ತಾಗದ ಹಾಗೆ ಚೀಲದಲ್ಲಿ ಸುತ್ತಿ 15 ನಿಮಿಷ ಇಡಿ. ಸೊನ್ನೆಗಿಂತ ಎಷ್ಟು ಆಚೀಚೆ ಎಂದು ಬರೆದಿಡಿ.

ಪಂಚಾಂಗ_ಮಳೆ:
ಊರಲ್ಲಿ ಯಾರೂ "ಜೂನ್ ನಾಲ್ಕನೇ ವಾರ" ಅನ್ನುವುದಿಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಅನ್ನುತ್ತಾರೆ. ಇದೇ 1901ರಿಂದಿನ ದಿನವಾರು ದತ್ತಾಂಶವನ್ನು ಮಳೆ ನಕ್ಷತ್ರಗಳಿಗೆ ಹಂಚಿದರೆ ರೈತರಿಗೆ ನೇರ ಅರ್ಥವಾಗುತ್ತದೆ. ಒಂದೊಂದಕ್ಕೆ 13–14 ದಿನ: ಮೃಗಶಿರ ಜೂನ್ 8ರ ಆಸುಪಾಸು, ಆರಿದ್ರ 22, ಪುನರ್ವಸು ಜುಲೈ 6, ಹೀಗೆ.

ಒಂದು ಸೂಕ್ಷ್ಮ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 71 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರ ಇಂಗ್ಲಿಷ್ ತಾರೀಖಿನಲ್ಲಿ ಮುಂದಕ್ಕೆ ಹೋಗುತ್ತದೆ. 1901ರಿಂದ ಈಚೆಗೆ ಹತ್ತಿರ ಹತ್ತಿರ ಎರಡು ದಿನ. ಜೂನ್ ಆರಂಭದಲ್ಲಿ ಮುಂಗಾರು ದಿನದಿನಕ್ಕೆ ಬಲಿಯುತ್ತಿರುತ್ತದೆ, ಹಾಗಾಗಿ ಎರಡು ದಿನ ತಡವಾಗಿ ಶುರುವಾಗುವ ಮೃಗಶಿರಕ್ಕೆ ಮಳೆ ತುಸು ಹೆಚ್ಚೇ ಸಿಗುತ್ತದೆ, ಹವಾಮಾನ ಏನೂ ಬದಲಾಗದಿದ್ದರೂ. ಲೆಕ್ಕಕ್ಕೆ ಇಂದಿನ ತಾರೀಖುಗಳನ್ನೇ ಎಲ್ಲ ವರ್ಷಕ್ಕೂ ಗಟ್ಟಿಮಾಡಿಕೊಂಡು, ಹೆಸರು ಮಾತ್ರ ನಕ್ಷತ್ರದ್ದು ಇಡಿ.

ಸರಾಸರಿ ಬೇಡ, ಒಂದೇ ದೊಡ್ಡ ಮಳೆ ಅದನ್ನು ಎಳೆದುಬಿಡುತ್ತದೆ. "ಈ ನಕ್ಷತ್ರದಲ್ಲಿ 25 ಮಿ.ಮೀ. ಆದರೂ ಬಿದ್ದ ವರ್ಷಗಳು ಮೂವತ್ತರಲ್ಲಿ ಎಷ್ಟು" ಎಂದು 1931–60, 1961–90, 1991–2020ಕ್ಕೆ ಎಣಿಸಿ ಪಕ್ಕಪಕ್ಕ ಇಡಿ. ಬಿತ್ತನೆಗೆ ಬೇಕಾದ ಪ್ರಶ್ನೆ ಅದೇ.

ಅಂಕಿಯಂತರ:
ಚೆನ್ನಾಗಿದೆ. ಆದರೆ ಹತ್ತು ಹನ್ನೆರಡು ನಕ್ಷತ್ರ ಪರೀಕ್ಷಿಸಿದಾಗ ಒಂದರಲ್ಲಿ ಆಕಸ್ಮಿಕವಾಗಿ ದೊಡ್ಡ ವ್ಯತ್ಯಾಸ ಸುಲಭವಾಗಿ ಬಂದುಬಿಡಬಹುದು. ಅದೊಂದನ್ನೇ ಆರಿಸಿ ಹಂಚಬೇಡಿ, ಹನ್ನೆರಡೂ ತೋರಿಸಿ. ಮೂವತ್ತರಲ್ಲಿ 18 ಇದ್ದದ್ದು 15 ಆದರೆ ಅದು ಬದಲಾವಣೆ ಅಲ್ಲ. 18 ಇದ್ದದ್ದು 9ಕ್ಕೆ ಬಂದು, ಸುತ್ತಲ ಚೌಕಗಳಲ್ಲೂ ಹಾಗೇ ಇದ್ದರೆ ಕೂತು ನೋಡಬೇಕು.

ಬಯಲುಸೀಮೆ_ಶೇಂಗಾ:
ಇಷ್ಟು ಸಾಕು ಶುರುಮಾಡಲು. ಚಳ್ಳಕೆರೆ ಚೌಕ, ಸುತ್ತಲ ಎಂಟು ಚೌಕ, 1901ರಿಂದ. ಜೊತೆಗೆ ತಾಲ್ಲೂಕಿನ ಕೈಬರಹದ ಪುಟಗಳನ್ನು ಬೇರೆ ಹಾಳೆಗೆ ಏರಿಸುತ್ತೇವೆ, ಬೆರೆಸುವುದಿಲ್ಲ. ಗೀಟು ಇದ್ದಲ್ಲಿ ಏನು ಹಾಕಬೇಕು?

ಮಳೆಕೊಡ:
ಸೊನ್ನೆಯಂತೂ ಬೇಡ, ಖಾನೆ ಖಾಲಿ ಬಿಡಿ. ಪಕ್ಕದಲ್ಲಿ ಇನ್ನೊಂದು ಕಂಬ ಇಟ್ಟು "ಅಳೆದಿಲ್ಲ", "ಎರಡು ದಿನದ ಮೊತ್ತ", "ಓದಲಾಗಲಿಲ್ಲ" ಇವುಗಳಲ್ಲಿ ಒಂದನ್ನು ಬರೆಯಿರಿ. ಜಿನುಗಿ ಅಳತೆಗೆ ಸಿಗದ ದಿನ 0.0, ಷರಾ ಕಂಬದಲ್ಲಿ "ಜಿನುಗು". ಒಂದು ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ದಿನ ಖಾಲಿ ಇದ್ದರೆ ಆ ತಿಂಗಳ ಮಳೆದಿನದ ಎಣಿಕೆಯನ್ನು ಬಿಟ್ಟುಬಿಡಿ. ಇಬ್ಬರು ಬೇರೆ ಬೇರೆಯಾಗಿ ಏರಿಸಿ, ಒಬ್ಬರದನ್ನು ಇನ್ನೊಬ್ಬರದರಿಂದ ಕಳೆಯಿರಿ. ಸೊನ್ನೆ ಬಾರದ ಸಾಲುಗಳಿಗಷ್ಟೇ ಮತ್ತೆ ಪುಟ ತೆರೆದರೆ ಸಾಕು.